ಜೆಲ್ ಬ್ಲಾಸ್ಟರ್‌ಗೆ ಮಾಸ್‌ಫೆಟ್: ನಿಲ್ಲದ ಮೋಟರ್, ನಕಲಿ ಮಾಲು, ಹೆಡ್‌ಲೈಟ್ ಬಲ್ಬು

ಆಟಿಕೆ ಗನ್ನಿಗೆ ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಹಾಕುವ ಕೆಲಸ ಮುಗಿದಿದೆ. ಟ್ರಿಗರ್ ಒತ್ತಿದರೆ ಹೊಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇಷ್ಟಕ್ಕೆ ಇಷ್ಟುದ್ದ ಬರೆಯಬೇಕಾ ಅಂತ ಕೇಳಬಹುದು. ನಡುವೆ ಒಂದು ಹಂತದಲ್ಲಿ ಬಿಟ್ಟರೂ ನಿಲ್ಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಸ್ತು ಏನೆಂದರೆ, ಮುಂಬಯಿ ಪಕ್ಕದ ಠಾಣೆ ಊರಿನಲ್ಲಿರುವ ಅಕ್ಕನ ಮಗನ ಜೆಲ್ ಬ್ಲಾಸ್ಟರ್. ಮುಂದೆ ಕಿತ್ತಳೆ ಮೂತಿ, ಒಳಗೆ ನೀರಲ್ಲಿ ನೆನೆಸಿದ ಜೆಲ್ ಗೋಲಿ, ಹಿಂದೆ 7.4 ವೋಲ್ಟಿನ ಎರಡು ಸೆಲ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಹುಡುಗರು ಕರ್ಜತ್ ಕಡೆಯ ಒಂದು ಫಾರ್ಮ್‌ಹೌಸಿಗೆ ಹೋದಾಗ ಕನ್ನಡಕ ಹಾಕಿಕೊಂಡು ಆಡುತ್ತಾರೆ. ಒಳಗಿರುವುದು ಏರ್‌ಸಾಫ್ಟಿನ, ಅಂದರೆ ಪ್ಲಾಸ್ಟಿಕ್ ಗುಂಡು ಹೊಡೆಯುವ ಆಟದ ಗನ್ನಿನ, ವರ್ಷನ್ 2 ಗೇರ್‌ಬಾಕ್ಸಿನ ನೈಲಾನ್ ನಕಲು. ಜಪಾನಿನ ಟೋಕಿಯೋ ಮಾರುಯಿ 1991ರಲ್ಲಿ ಬ್ಯಾಟರಿ ಏರ್‌ಸಾಫ್ಟ್ ಗನ್ ತಂದಾಗಿನಿಂದ ಈ ಜಾತಿಯ ಯಂತ್ರದ ಮೂಲ ಲೆಕ್ಕ ಹೆಚ್ಚೇನೂ ಬದಲಾಗಿಲ್ಲ: ಮೋಟರ್, ಮೂರು ಗೇರ್, ಸ್ಪ್ರಿಂಗು, ಪಿಸ್ಟನ್. ಆದ್ದರಿಂದ ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ಪಾಲು ಏರ್‌ಸಾಫ್ಟಿಗೂ ಹೊಂದುತ್ತದೆ.

ದೂರು ಇಷ್ಟು. ಟ್ರಿಗರ್ ಎಳೆದರೆ ಒಮ್ಮೆ ಓಡುತ್ತದೆ, ಒಮ್ಮೆ ಸುಮ್ನೆ ಟಿಕ್ ಅನ್ನುತ್ತದೆ. ಓಡಿದಾಗಲೂ ಸೋತು ಓಡುತ್ತದೆ. ಕತ್ತಲಲ್ಲಿ ನೋಡಿದರೆ ಟ್ರಿಗರ್ ಸಂದಿಯಲ್ಲಿ ನೀಲಿ ಕಿಡಿ.

ಹಂತ 1: ಬಿಚ್ಚುವ ಮೊದಲು ಅಳತೆ

ಎಲ್ಲರೂ ನೇರ ಬಿಚ್ಚಲು ಕೂರುತ್ತಾರೆ. ನಾನು ಮೊದಲು ಮಲ್ಟಿಮೀಟರ್ ಹಿಡಿದೆ. ಮೋಟರ್ ಓಡುತ್ತಿರುವಾಗ ಎಲ್ಲೆಲ್ಲಿ ಎಷ್ಟು ವೋಲ್ಟ್ ಸೋರುತ್ತಿದೆ ಅಂತ ತಿಳಿಯದೆ ಹೊಸ ಮಾಲು ಹಾಕಿದರೆ ಏನು ಸರಿಯಾಯಿತು ಅಂತಲೂ ತಿಳಿಯುವುದಿಲ್ಲ. ಹ್ಯಾಂಡಲ್ ಕೆಳಗಿನ ಮುಚ್ಚಳ ತೆಗೆದರೆ ಮೋಟರಿನ ಎರಡೂ ಟರ್ಮಿನಲ್ ಕೈಗೆ ಸಿಗುತ್ತವೆ.

ಓಡುವಾಗ ಬ್ಯಾಟರಿ ಬಾಯಲ್ಲಿ 7.2 ವೋಲ್ಟ್. ಮೋಟರ್ ಬಾಯಲ್ಲಿ 5.1. ಅಂದರೆ 2.1 ವೋಲ್ಟ್ ದಾರಿಯಲ್ಲೇ ಖರ್ಚು. ಅದನ್ನು ತುಂಡು ತುಂಡಾಗಿ ಅಳೆದರೆ ಟ್ರಿಗರ್ ಕಾಂಟ್ಯಾಕ್ಟಿನಲ್ಲಿ 1.1, ಬಿಳಿ ಮಿನಿ ಟಮಿಯಾ ಕನೆಕ್ಟರಿನಲ್ಲಿ 0.4, ಎರಡೂ ವೈರುಗಳಲ್ಲಿ ಸೇರಿ 0.6. ಮೋಟರ್ ಸೋತಿಲ್ಲ. ಅದಕ್ಕೆ ಊಟವೇ ಸರಿಯಾಗಿ ಹೋಗುತ್ತಿಲ್ಲ.

ಕರೆಂಟು ಎಷ್ಟು ಅಂತ ತಿಳಿಯಲು ಒಂದು ಉಪಾಯ. ಅಗ್ಗದ ಮೀಟರಿನ 10 ಆಂಪ್ ತೂತಿಗೆ ಈ ಮೋಟರ್ ಹಚ್ಚಿದರೆ ಫ್ಯೂಸೋ ಮೀಟರೋ ಹೋಗಬಹುದು. ಸಾಮಾನ್ಯ ಕ್ಲಾಂಪ್ ಮೀಟರ್ ಎಸಿ ಮಾತ್ರ ನೋಡುತ್ತದೆ. ಅದಕ್ಕೆ ಮನೆ ವೈರಿಂಗಿನ 1.5 ಚದರ ಮಿ.ಮೀ. ವೈರು ಒಂದು ಮೀಟರ್ ಕತ್ತರಿಸಿ ಬ್ಯಾಟರಿ ದಾರಿಯಲ್ಲಿ ಸೇರಿಸಿದೆ. ಅಷ್ಟುದ್ದದ ತಾಮ್ರ ಸುಮಾರು 13 ಮಿಲಿಓಮ್. ಅದರ ಎರಡು ತುದಿಗೆ ಮೀಟರ್ ಹಿಡಿದರೆ 0.16 ವೋಲ್ಟ್. ಭಾಗಿಸಿದರೆ ಸುಮಾರು 12 ಆಂಪ್. ಇದು ಓಟದ ಕರೆಂಟು ಮಾತ್ರ. ನಿಂತ ಮೋಟರ್ ಹೊರಡುವ ಕ್ಷಣದಲ್ಲಿ ಇದರ ಎಷ್ಟೋ ಪಟ್ಟು ಎಳೆಯುತ್ತದೆ. ಅಷ್ಟನ್ನೂ ಬೆರಳುಗುರಿನಷ್ಟು ತಾಮ್ರದ ತಗಡು ಹೊರಬೇಕು. ಸುಡದೆ ಏನು ಮಾಡೀತು?

ಹಂತ 2: ಗೇರ್‌ಬಾಕ್ಸ್

ಟೀಪಾಯಿ ಮೇಲೆ ಬಿಳಿ ಬಟ್ಟೆ, ಹಳೆ ಸ್ಪೀಕರಿನ ಮ್ಯಾಗ್ನೆಟ್, ಟಿ10 ಟಾರ್ಕ್ಸ್ ಸ್ಕ್ರೂಡ್ರೈವರ್. ಬಿಚ್ಚುವ ಮೊದಲು ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ.

ವರ್ಷನ್ 2ರಲ್ಲಿ ಅಪಾಯ ಎರಡು ಕಡೆ. ಮೊದಲನೆಯದು, ಸ್ಪ್ರಿಂಗ್ ಅರ್ಧ ಒತ್ತಿಕೊಂಡು ನಿಂತಿರಬಹುದು. ಮೋಟರ್ ತೆಗೆದು, ಆ ತೂತಿನಿಂದ ಸಣ್ಣ ಸ್ಕ್ರೂಡ್ರೈವರ್ ಹಾಕಿ, ಗೇರು ಹಿಂದೆ ತಿರುಗದಂತೆ ತಡೆಯುವ ಆಂಟಿ ರಿವರ್ಸಲ್ ಲ್ಯಾಚ್ ಸರಿಸಿದರೆ ಗೇರುಗಳು ಗರ್ರೆಂದು ಹಿಂದೆ ತಿರುಗಿ ಸ್ಪ್ರಿಂಗ್ ಸಡಿಲವಾಗುತ್ತದೆ. ಎರಡನೆಯದು, ಚಿಪ್ಪು ತೆರೆಯುವಾಗ ಸ್ಪ್ರಿಂಗ್ ಹಾರುವುದು. ಹಿಂದಿನ ತೂತಿನಿಂದ ಸ್ಪ್ರಿಂಗ್ ಗೈಡ್ ಒಳಗೆ ಒಂದು ಉದ್ದ ಆಲನ್ ಕೀ ತೂರಿಸಿ ಒತ್ತಿ ಹಿಡಿದುಕೊಂಡೇ ಮೇಲಿನ ಚಿಪ್ಪು ಎತ್ತಬೇಕು. ಸ್ಪ್ರಿಂಗ್ ಹಾರಲಿಲ್ಲ. ಹಾರಿದ್ದು ಲ್ಯಾಚಿನ ಕೂದಲೆಳೆಯಂಥ ಪುಟ್ಟ ಸ್ಪ್ರಿಂಗು. ಮ್ಯಾಗ್ನೆಟ್ ಹಿಡಿದು ಮಂಚದ ಕೆಳಗೆ ತೆವಳಿದ ಮೇಲೆ ಸಿಕ್ಕಿತು.

ಟ್ರಿಗರ್ ಕಾಂಟ್ಯಾಕ್ಟಿನ ಮೇಲೆ ಕಪ್ಪು ಮಸಿ, ಅಂಚಿನಲ್ಲಿ ಹಸಿರು ಕಿಲುಬು. ಮುಂಬಯಿ ಮಳೆಗಾಲದಲ್ಲಿ ತೆರೆದ ತಾಮ್ರ ಇನ್ನು ಹೇಗಿದ್ದೀತು? 1000 ನಂಬರಿನ ಮರಳು ಕಾಗದದಿಂದ ಮೆತ್ತಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಬರೀ ಇಷ್ಟು ಮಾಡಿ ಮುಚ್ಚಿದರೂ ಸ್ವಲ್ಪ ದಿನ ಓಡುತ್ತಿತ್ತು. ಆದರೆ ಕಿಡಿ ನಿಲ್ಲದಿದ್ದರೆ ಮಸಿ ಮತ್ತೆ ಬರುತ್ತದೆ.

ಹಂತ 3: ಮೊದಲ ಮಾಸ್‌ಫೆಟ್

ಲೆಕ್ಕ ಸರಳ. ದೊಡ್ಡ ಕರೆಂಟನ್ನು ಮಾಸ್‌ಫೆಟ್ ಹೊರಲಿ, ಟ್ರಿಗರ್ ಅದಕ್ಕೆ ಸನ್ನೆ ಮಾಡಿದರೆ ಸಾಕು. ಮಾಸ್‌ಫೆಟ್‌ಗೆ ಮೂರು ಕಾಲು: ಕರೆಂಟು ಹರಿಯುವ ಡ್ರೈನ್ ಮತ್ತು ಸೋರ್ಸ್, ಸನ್ನೆ ಪಡೆಯುವ ಗೇಟ್. ಮೋಟರಿನ ಮೈನಸ್ ಡ್ರೈನಿಗೆ, ಬ್ಯಾಟರಿಯ ಮೈನಸ್ ಸೋರ್ಸಿಗೆ. ಬ್ಯಾಟರಿ ಪ್ಲಸ್‌ನಿಂದ ಒಂದು ತೆಳು ವೈರು ಟ್ರಿಗರಿಗೆ, ಅಲ್ಲಿಂದ 100 ಓಮ್ ರೆಸಿಸ್ಟರ್ ದಾಟಿ ಗೇಟಿಗೆ. ಗೇಟಿಗೂ ಸೋರ್ಸಿಗೂ ನಡುವೆ 10 ಕಿಲೋಓಮ್. ಈ ಕೊನೆಯ ರೆಸಿಸ್ಟರ್ ಹಾಕದಿದ್ದರೆ ಟ್ರಿಗರ್ ಬಿಟ್ಟಾಗ ಗೇಟಿನ ಚಾರ್ಜ್ ಇಳಿಯಲು ದಾರಿಯೇ ಇರುವುದಿಲ್ಲ, ಮೋಟರ್ ಓಡುತ್ತಲೇ ಇರುತ್ತದೆ. ಮೋಟರಿನ ಎರಡು ಕಾಲಿಗೆ ಅಡ್ಡಲಾಗಿ 1ಎನ್ 5822 ಡಯೋಡ್, ಅದರ ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ. ಉಲ್ಟಾ ಹಾಕಿದರೆ ಟ್ರಿಗರ್ ಒತ್ತಿದ ಕೂಡಲೇ ಬ್ಯಾಟರಿ ಶಾರ್ಟ್.

ಮಾಲು ತರಲು ಮುಂಬಯಿಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಬೋರ್ಡಿನ ಮೇಲೆ ಡಾ. ಭಡ್ಕಮ್‌ಕರ್ ಮಾರ್ಗ ಅಂತಿದ್ದರೂ ಯಾರ ಬಾಯಲ್ಲೂ ಆ ಹೆಸರಿಲ್ಲ. ಡೊಂಬಿವಲಿಯಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್. ಅಳತೆ ನೋಡಲು ಬರೀ ಗೇರ್‌ಬಾಕ್ಸ್ ಒಯ್ದೆ. ಗನ್ನಿನ ಆಕಾರದ ಬಾಡಿಯನ್ನು ಲೋಕಲ್ ಟ್ರೇನಿನಲ್ಲಿ ಚೀಲದಿಂದ ಹೊರಗೆ ತೆಗೆಯುವ ಧೈರ್ಯ ನನಗಿಲ್ಲ, ಮೂತಿ ಕಿತ್ತಳೆಯಿದ್ದರೂ ಸರಿ.

ನನಗೆ ಬೇಕಿದ್ದ ನಂಬರಿನ ಮಾಸ್‌ಫೆಟ್ ಯಾರಲ್ಲೂ ಇರಲಿಲ್ಲ. ಎಲ್ಲರಲ್ಲೂ ಇದ್ದದ್ದು ಐಆರ್‌ಎಫ್ 3205. ಇನ್ವರ್ಟರ್ ರಿಪೇರಿಯವರ ದಿನಬಳಕೆಯ ಮಾಲು. ಒಂದಕ್ಕೆ 30 ರೂಪಾಯಿ. “ಒರಿಜಿನಲ್ ಹೈ, ಬಿಂದಾಸ್ ಲೇಕೆ ಜಾವ್” ಅಂದ ಅಂಗಡಿಯವ. ಎರಡು ತಂದೆ.

ಟಿಓ-220 ಆಕಾರದ ಮಾಸ್‌ಫೆಟ್‌ನ ಹಿಂದಿನ ಲೋಹದ ರೆಕ್ಕೆ ಡ್ರೈನಿಗೆ ಸೇರಿದ್ದು. ಸ್ಟಾಕಿನ (ಭುಜಕ್ಕೆ ಆನಿಸುವ ಹಿಂಭಾಗದ) ಕೊಳವೆಯಲ್ಲಿ ಜಾಗ ಕಮ್ಮಿ ಇದ್ದುದರಿಂದ ರೆಕ್ಕೆಯ ತೂತಿನ ಭಾಗವನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿದೆ. ಬೆಸುಗೆ, ಹೀಟ್ ಶ್ರಿಂಕ್, ಜೋಡಣೆ. ಹಳೆ ವೈರು, ಹಳೆ ಕನೆಕ್ಟರ್ ಹಾಗೇ ಇಟ್ಟೆ, ಒಂದೊಂದೇ ಬದಲಿಸಿ ನೋಡೋಣ ಅಂತ.

ಓಡಿತು. ಮೊದಲಿಗಿಂತ ಚುರುಕಾಗಿಯೂ ಓಡಿತು. ಮೋಸ ಇದ್ದದ್ದೇ ಇಲ್ಲಿ. ಡ್ರೈನ್ ಮತ್ತು ಸೋರ್ಸ್ ನಡುವೆ ಅಳೆದಾಗ 0.7 ವೋಲ್ಟ್ ಕಂಡಿತು. ಮೊದಲು ಕಾಂಟ್ಯಾಕ್ಟಿನಲ್ಲಿ 1.1 ಸೋರುತ್ತಿತ್ತಲ್ಲ, ಈಗ 0.7. ಹಾಗಾಗಿ ಲಾಭವಾದಂತೆ ಕಂಡಿತು. ಆದರೆ 12 ಆಂಪಿಗೆ 0.7 ವೋಲ್ಟ್ ಅಂದರೆ 58 ಮಿಲಿಓಮ್. ತಯಾರಕರ ಡೇಟಾಶೀಟಿನಲ್ಲಿ ಇರುವುದು 8. ಎಂಟು ವಾಟಿಗೂ ಜಾಸ್ತಿ ಶಾಖ, ರೆಕ್ಕೆ ಕತ್ತರಿಸಿದ, ಗಾಳಿಯಾಡದ ಕೊಳವೆಯೊಳಗೆ. ಆ ಅಂಕೆ ಕಂಡಾಗಲೇ ನಿಲ್ಲಿಸಬೇಕಿತ್ತು. ಗೇಟಿಗೆ 10 ವೋಲ್ಟ್ ಕೊಟ್ಟಾಗಿನ ಲೆಕ್ಕ ಅದು, ನಮ್ಮದು ಏಳೇ ವೋಲ್ಟ್, ಅದಕ್ಕೇ ಜಾಸ್ತಿ ಇರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಏಳು ವೋಲ್ಟಿಗೆ ಅಷ್ಟೊಂದು ವ್ಯತ್ಯಾಸ ಬರುವುದಿಲ್ಲ.

ಗೋಲಿ ತುಂಬದೆ ಉದ್ದುದ್ದ ಓಡಿಸಿ ನೋಡುತ್ತಿದ್ದಾಗ ಸುಟ್ಟ ವಾಸನೆ ಬಂತು. ಟ್ರಿಗರ್ ಬಿಟ್ಟೆ. ಮೋಟರ್ ಬಿಡಲಿಲ್ಲ. “ಮಾಮಾ, ನಿಲ್ತಾ ಇಲ್ಲ!” ಅಂತ ಅಳಿಯ ಕೂಗುತ್ತಿದ್ದಾನೆ. ನನಗೂ ಕಾಣುತ್ತಿದೆ. ಮಾಸ್‌ಫೆಟ್ ಸಾಯುವಾಗ ಹೆಚ್ಚಾಗಿ ಶಾರ್ಟ್ ಆಗಿ ಸಾಯುತ್ತದೆ. ಸ್ವಿಚ್ ಆನ್ ಆಗಿಯೇ ಅಂಟಿಕೊಂಡಂತೆ. ಫ್ಯೂಸ್ ಇದ್ದರೂ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಎಳೆಯುತ್ತಿರುವುದು ಓಟದ ಕರೆಂಟನ್ನೇ. ಬ್ಯಾಟರಿ ಕೀಳೋಣ ಅಂದರೆ ಕನೆಕ್ಟರ್ ಸ್ಟಾಕಿನ ಒಳಗೆ, ಮುಚ್ಚಳದ ಹಿಂದೆ. ಮುಚ್ಚಳ ತೆಗೆದು ಎಳೆಯುವಷ್ಟರಲ್ಲಿ ಪಕ್ಕದ ಮನೆಯ ಕಾಕೂ ಬಾಗಿಲಿಗೆ ಬಂದಿದ್ದರು. ತುಂಬಿದ ಮ್ಯಾಗಜೀನ್ ಹಾಕಿದ್ದರೆ ಅಷ್ಟೂ ಗೋಲಿ ಮನೆಯ ಹಾಲ್‌ನಲ್ಲಿ ಹಾರುತ್ತಿದ್ದವು.

ಅಂದಿನಿಂದ ಎರಡು ನಿಯಮ. ಹೊಸ ವೈರಿಂಗಿನ ಪರೀಕ್ಷೆ ಖಾಲಿ ಮ್ಯಾಗಜೀನಿನಲ್ಲಿ, ಕನ್ನಡಕ ಹಾಕಿಕೊಂಡೇ. ಮತ್ತು ಬ್ಯಾಟರಿ ಕನೆಕ್ಟರ್ ಒಂದೇ ಕೈಯಲ್ಲಿ ಎಳೆಯುವಂತೆ ಹೊರಗಿರಬೇಕು.

ಹಂತ 4: ಶೆಟ್ಟರ ಬಲ್ಬು

ಕೆಳಗಿನ ಮಹಡಿಯ ಶೆಟ್ಟರು ಉಡುಪಿ ಕಡೆಯವರು. ಮೋಟರ್ ವೈಂಡಿಂಗ್ ಮಾಡಿಕೊಂಡೇ ಆಯುಷ್ಯ ಕಳೆದವರು. ಸತ್ತ ಮಾಸ್‌ಫೆಟ್ ತೋರಿಸಿದೆ. “ಇನ್ನೊಂದು ಉಂಟಲ್ಲ, ಅದನ್ನು ಬಲ್ಬಿಗೆ ಹಾಕಿ ನೋಡಿದ್ದೀಯಾ ಮಾರಾಯ?” ಅಂದರು. “ಇಲ್ರೀ ಶೆಟ್ರ” ಅಂದೆ. ಹಳೆ ಕಾರಿನ 12 ವೋಲ್ಟ್, 55 ವಾಟಿನ ಹೆಡ್‌ಲೈಟ್ ಬಲ್ಬು ತೆಗೆದು ಕೈಗಿಟ್ಟರು.

ಇದು ಇಷ್ಟು ಒಳ್ಳೆಯ ಪರೀಕ್ಷೆ ಅಂತ ನನಗೆ ಗೊತ್ತಿರಲಿಲ್ಲ. ಮೋಟರ್ ಜಾಗದಲ್ಲಿ ಬಲ್ಬು. ಸುಮಾರು 8 ವೋಲ್ಟಿಗೆ ಅದು 3.7 ಆಂಪ್ ಎಳೆಯಿತು. ಇದನ್ನು ಮೀಟರಿನ 10 ಆಂಪ್ ತೂತಿನಲ್ಲೇ ಅಳೆಯಬಹುದು. ಮೋಟರಿನ ಹಾಗೆ ಹಾರಾಡುವುದಿಲ್ಲ, ಅಂಕೆ ಗಟ್ಟಿ ನಿಲ್ಲುತ್ತದೆ. ಗೇಟನ್ನು ನೇರ ಬ್ಯಾಟರಿ ಪ್ಲಸ್‌ಗೆ ಹಚ್ಚಿ, ಡ್ರೈನಿಗೂ ಸೋರ್ಸಿಗೂ ಮೀಟರನ್ನು ಮಿಲಿವೋಲ್ಟಿನಲ್ಲಿ ಇಡಬೇಕು. ಮೀಟರಿನ ಪಿನ್ನು ಮಾಸ್‌ಫೆಟ್ ಕಾಲಿನ ಬುಡಕ್ಕೇ ತಾಗಬೇಕು, ಇಲ್ಲದಿದ್ದರೆ ವೈರಿನ ಸೋರಿಕೆಯೂ ಸೇರುತ್ತದೆ.

ಅಸಲಿ 3205 ಆಗಿದ್ದರೆ 30 ಮಿಲಿವೋಲ್ಟಿನ ಆಸುಪಾಸು ಬರಬೇಕು. ಬಂದದ್ದು 210. ಭಾಗಿಸಿದರೆ 57 ಮಿಲಿಓಮ್, ಗನ್ನಿನಲ್ಲಿ ಕಂಡಷ್ಟೇ. ನೇಲ್ ಪಾಲಿಶ್ ರಿಮೂವರ್ ಹತ್ತಿಗೆ ಹಾಕಿ ಮೇಲಿನ ಅಕ್ಷರ ಉಜ್ಜಿದೆ. ನಂಬರ್ ಮಸುಕಾಗಿ ಹತ್ತಿಗೆ ಬಿಳಿ ಬಣ್ಣ ಹತ್ತಿತು. ಯಾವುದೋ ಸಣ್ಣ ಮಾಸ್‌ಫೆಟ್‌ಗೆ ಹೊಸ ಹೆಸರು ಬರೆದು ಮಾರಿದ್ದಾರೆ. ಶೆಟ್ಟರು ನಗಲಿಲ್ಲ. “ಮೂವತ್ತು ರೂಪಾಯಿಗೆ ಇನ್ನೇನು ಬರ್ತದೆ” ಅಂದು ಬಲ್ಬು ವಾಪಸ್ ಇಸಿದುಕೊಂಡರು.

ಹಂತ 5: ಎರಡನೆಯ ಮಾಸ್‌ಫೆಟ್, ಹೊಸ ವೈರು

ಈ ಸಲ ಅಧಿಕೃತ ವಿತರಕರ ಆನ್‌ಲೈನ್ ಅಂಗಡಿಯಿಂದ ಐಆರ್‌ಎಲ್‌ಬಿ 3034 ತರಿಸಿದೆ. ಹೆಸರಿನ ನಡುವಿನ ‘ಎಲ್’ ನೋಡಿಕೊಳ್ಳಿ. ಇದು ಲಾಜಿಕ್ ಲೆವೆಲ್ ಜಾತಿ. ಗೇಟಿಗೆ ಬರೀ 4.5 ವೋಲ್ಟ್ ಬಂದರೂ 2 ಮಿಲಿಓಮ್ ದಾಟುವುದಿಲ್ಲ ಅಂತ ಡೇಟಾಶೀಟ್ ಹೇಳುತ್ತದೆ. ನಮ್ಮಂಥ ಎರಡು ಸೆಲ್ ಬ್ಯಾಟರಿಗೆ ಇದು ಮುಖ್ಯ. ಮೋಟರ್ ಹೊರಡುವ ಕ್ಷಣದಲ್ಲಿ ಬ್ಯಾಟರಿ 5 ವೋಲ್ಟಿನ ತನಕ ಕುಸಿಯಬಹುದು. ಗೇಟಿಗೆ ಬರುವುದೂ ಅದೇ 5. ಅಸಲಿ 3205 ಆದರೂ ಆ ಹೊತ್ತಿನಲ್ಲಿ ಅರ್ಧ ತೆರೆದ ನಲ್ಲಿಯಾಗುತ್ತದೆ. ಮೂರು ಸೆಲ್ ಇದ್ದವರಿಗೆ ಈ ತೊಂದರೆ ಕಮ್ಮಿ.

ಜೋಡಿಸುವ ಮೊದಲು ಬಲ್ಬು ಪರೀಕ್ಷೆ: 8 ಮಿಲಿವೋಲ್ಟ್. ಖುಷಿಯಾಯಿತು.

ಕೆಲವರು ಗೇಟಿನ ಕೆಳಗೆ 100 ಕಿಲೋಓಮ್ ಹಾಕುತ್ತಾರೆ. ನಾನು 10ರಲ್ಲೇ ನಿಂತೆ. 3034ರ ಗೇಟ್ ದೊಡ್ಡದು, ಸುಮಾರು 10 ನ್ಯಾನೋಫ್ಯಾರಡ್. 100 ಕಿಲೋಓಮ್ ಆದರೆ ಅದು ಖಾಲಿಯಾಗಲು ಹತ್ತು ಪಟ್ಟು ಸಮಯ, ಅಷ್ಟು ಹೊತ್ತು ಮಾಸ್‌ಫೆಟ್ ಅರ್ಧ ತೆರೆದು ಬಿಸಿಯಾಗುತ್ತದೆ.

ವೈರು 16 ಗೇಜಿನ ಸಿಲಿಕಾನ್, ಡ್ರೋನ್ ಮಾಡುವವರು ಬಳಸುವಂಥದ್ದು. ಟ್ರಿಗರಿಗೆ 26 ಗೇಜು ಸಾಕು. ಕನೆಕ್ಟರ್ ಎಕ್ಸ್‌ಟಿ 30. ಎಕ್ಸ್‌ಟಿ 60 ಇನ್ನೂ ಗಟ್ಟಿ, ಆದರೆ ಕೊಳವೆಯಲ್ಲಿ ಹಿಡಿಸುವುದಿಲ್ಲ. ನನ್ನ 25 ವಾಟಿನ ಸೋಲ್ಡರಿಂಗ್ ಐರನ್ ಈ ಕನೆಕ್ಟರಿಗೆ ಸಾಲಲಿಲ್ಲ. ಬೆಸುಗೆ ಮುದ್ದೆಯಾಗಿ ಕೂತಿತು, ಎಳೆದರೆ ಕಿತ್ತು ಬಂತು. ಶೆಟ್ಟರ 60 ವಾಟಿನದ್ದು ತಂದು, ಫ್ಲಕ್ಸ್ ಹಚ್ಚಿ ಮಾಡಿದಾಗ ಒಂದೇ ಕ್ಷಣದಲ್ಲಿ ನೀರಿನ ಹಾಗೆ ಹರಿಯಿತು. ಬೆಸೆಯುವಾಗ ಗಂಡು-ಹೆಣ್ಣು ಎರಡೂ ಕನೆಕ್ಟರ್ ಸಿಕ್ಕಿಸಿಟ್ಟಿರಿ. ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನು ಓರೆಯಾಗುವುದಿಲ್ಲ. ಬ್ಯಾಟರಿ ಕಡೆಯ ಕನೆಕ್ಟರ್ ಬದಲಿಸುವಾಗ ಒಂದು ವೈರು ಪೂರ್ತಿ ಮುಗಿಸಿ, ಮುಚ್ಚಿ, ಆಮೇಲೆ ಇನ್ನೊಂದು ಕತ್ತರಿಸಬೇಕು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ.

ಜೊತೆಗೆ ಕಾರಿನ 20 ಆಂಪ್ ಬ್ಲೇಡ್ ಫ್ಯೂಸ್, ಬ್ಯಾಟರಿ ಪ್ಲಸ್ ಮೇಲೆ. ಹೊರಡುವಾಗಿನ ಕ್ಷಣದ ಎಳೆತಕ್ಕೆ ಅದು ಹೋಗುವುದಿಲ್ಲ. ಗೇರ್ ಸಿಕ್ಕಿಕೊಂಡು ಮೋಟರ್ ನಿಂತುಬಿಟ್ಟರೆ ಹೋಗುತ್ತದೆ, ಅಷ್ಟೇ ಬೇಕಾದದ್ದು.

ಮುಚ್ಚಿ ಅಳೆದೆ. ಓಡುವಾಗ ಬ್ಯಾಟರಿ 7.1, ಮೋಟರ್ 6.8. ದಾರಿಯಲ್ಲಿ ಸೋರುವುದು 0.3 ಮಾತ್ರ, ಅದರಲ್ಲಿ ಮಾಸ್‌ಫೆಟ್ ಪಾಲು 0.03. ಕೈ ಇಟ್ಟರೆ ಮಾಸ್‌ಫೆಟ್ ಬೆಚ್ಚಗೂ ಇಲ್ಲ. ವೇಗ ಅಳೆಯಲು ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನುವ ಸದ್ದಿನ ಸಾಫ್ಟ್‌ವೇರ್ ತೆರೆದು ಅಲೆಯ ಮೊನೆಗಳನ್ನು ಎಣಿಸಿದೆ. ಮೊದಲು ಎರಡು ಸೆಕೆಂಡಿಗೆ 18 ಇದ್ದದ್ದು ಈಗ 24. ಮೋಟರಿಗೆ ಸಿಕ್ಕ ವೋಲ್ಟೇಜ್ ಎಷ್ಟು ಏರಿತೋ ವೇಗವೂ ಅದೇ ಅನುಪಾತದಲ್ಲಿ ಏರಿದೆ. ಹೊಸ ಮೋಟರ್ ಇಲ್ಲ, ಹೊಸ ಸ್ಪ್ರಿಂಗ್ ಇಲ್ಲ.

ಹಂತ 6: ಬೇಡವಾಗಿದ್ದ ಎರಡು ಪ್ರಯೋಗ

ಅಳಿಯನಿಗೆ ತೃಪ್ತಿಯಿಲ್ಲ. ಗೆಳೆಯನ 11.1 ವೋಲ್ಟಿನ ಮೂರು ಸೆಲ್ ಬ್ಯಾಟರಿ ತಂದ. ಮಾಸ್‌ಫೆಟ್‌ಗೆ ಅದರಿಂದ ತೊಂದರೆಯಿಲ್ಲ. ಆದರೆ ಸಿಂಗಲ್ ಮೋಡಿನಲ್ಲಿ ಒಂದು ಎಳೆತಕ್ಕೆ ಎರಡು ಗೋಲಿ ಹೋಗತೊಡಗಿತು. ಕಟ್ಆಫ್ ಲಿವರ್ ಸನ್ನೆ ಕಡಿದರೂ ಮೋಟರ್ ತನ್ನ ಓಟದಲ್ಲೇ ಇನ್ನೊಂದು ಸುತ್ತು ಹೋಗಿಬಿಡುತ್ತದೆ. ಇದಕ್ಕೆ ಆಕ್ಟಿವ್ ಬ್ರೇಕಿಂಗ್ ಅಂತ ಮದ್ದಿದೆ, ಇನ್ನೊಂದು ಮಾಸ್‌ಫೆಟ್ ಮೋಟರನ್ನು ಶಾರ್ಟ್ ಮಾಡಿ ಹಿಡಿಯುತ್ತದೆ. ಮೋಟರ್ ಜಾಸ್ತಿ ಬಿಸಿಯಾಗುತ್ತದೆ, ಬ್ರಷ್ ಬೇಗ ಸವೆಯುತ್ತದೆ. ನೈಲಾನ್ ಗೇರಿಗೆ ಇಷ್ಟೆಲ್ಲ ಬೇಡ ಅಂತ ಬ್ಯಾಟರಿ ವಾಪಸ್ ಕಳಿಸಿದೆ.

ಎರಡನೆಯದು ನನ್ನದೇ ಚಪಲ. ಒಂದು ಎಳೆತಕ್ಕೆ ಮೂರೇ ಗೋಲಿ ಹೋಗುವ ಬರ್ಸ್ಟ್. ಡ್ರಾಯರಿನಲ್ಲಿ ಒಂದು ಡಿಜಿಸ್ಪಾರ್ಕ್ ಬಿದ್ದಿತ್ತು, ಎಟಿಟೈನಿ 85 ಚಿಪ್ ಇರುವ, ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡು. ಟ್ರಿಗರ್ ಸನ್ನೆ ಅದಕ್ಕೆ, ಅದರಿಂದ ಗೇಟಿಗೆ. 250 ಮಿಲಿಸೆಕೆಂಡ್ ಓಡಿಸಿ ನಿಲ್ಲಿಸು ಅಂತ ಬರೆದೆ.

ಮೊದಲ ಪೆಟ್ಟಿಗೇ ಸತ್ತಂತಾಯಿತು. ಮೋಟರ್ ಹೊರಟಾಗ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತಿತ್ತು. ಡಿಜಿಸ್ಪಾರ್ಕ್ ಎದ್ದ ಮೇಲೆ ಹೊಸ ಪ್ರೋಗ್ರಾಂ ಬರುತ್ತದೇನೋ ಅಂತ ಐದು ಸೆಕೆಂಡ್ ಕಾಯುತ್ತದೆ. ಅಷ್ಟೂ ಹೊತ್ತು ಟ್ರಿಗರ್ ಮೂಕ. ಬೋರ್ಡಿನ ಪ್ಲಸ್ ದಾರಿಯಲ್ಲಿ ಒಂದು ಶಾಟ್ಕಿ ಡಯೋಡ್, ಅದರ ಮುಂದೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟ ಮೇಲೆ ರೀಸೆಟ್ ನಿಂತಿತು. ಆದರೆ ಗೋಲಿ ಎಣಿಕೆ ಮೂರಕ್ಕೆ ನಿಲ್ಲಲಿಲ್ಲ. ಬ್ಯಾಟರಿ ತುಂಬಿದ್ದಾಗ ನಾಲ್ಕು, ಇಳಿದಾಗ ಎರಡು. ಸಮಯ ನೋಡಿ ಗೋಲಿ ಎಣಿಸಲು ಆಗುವುದಿಲ್ಲ, ಗೇರಿನ ಸುತ್ತು ನೋಡಬೇಕು. ಪೋಲೆಂಡಿನ ‘ಗೇಟ್’ ಅನ್ನುವ ಹೆಸರಿನ ಕಂಪನಿಯ ಟೈಟನ್‌ನಂಥ ಬೋರ್ಡುಗಳು ಟ್ರಿಗರ್ ಮತ್ತು ಗೇರು ಎರಡನ್ನೂ ಬೆಳಕಿನ ಸೆನ್ಸರಿನಿಂದ ನೋಡುವುದು ಇದಕ್ಕೇ. ಅದರ ಬೆಲೆ ಈ ಆಟಿಕೆಗಿಂತ ಜಾಸ್ತಿ. ಲೋಹದ ಗೇರ್‌ಬಾಕ್ಸಿನ ಏರ್‌ಸಾಫ್ಟ್ ಇದ್ದವರು ಯೋಚಿಸಲಿ. ಇಂಥ ನೈಲಾನ್ ಡಬ್ಬಿಗೆ ಒಂದು ಒಳ್ಳೆಯ ಮಾಸ್‌ಫೆಟ್, ದಪ್ಪ ವೈರು ಸಾಕು. ಡಿಜಿಸ್ಪಾರ್ಕ್ ಕಿತ್ತು ಡ್ರಾಯರಿಗೆ ಹಾಕಿದೆ.

ಖರ್ಚು

ಮಾಸ್‌ಫೆಟ್ 180, ಡಯೋಡ್ 8, ರೆಸಿಸ್ಟರ್ 5, ವೈರು 140, ಎಕ್ಸ್‌ಟಿ 30 ಜೋಡಿ 60, ಫ್ಯೂಸ್ ಮತ್ತು ಹೋಲ್ಡರ್ 60, ಹೀಟ್ ಶ್ರಿಂಕ್ 30. ಒಟ್ಟು 483 ರೂಪಾಯಿ. ನಕಲಿ ಮಾಲಿಗೆ ಹೋದ 60 ಬೇರೆ. ಕೊರಿಯರ್ ಮತ್ತು ಲೋಕಲ್ ಟಿಕೆಟ್ ಲೆಕ್ಕಕ್ಕೆ ಹಿಡಿದಿಲ್ಲ.

ಉಳಿದಿರುವುದು ಒಂದೇ. ಹೊರಗೆ ತಂದ ಕನೆಕ್ಟರ್ ಸ್ಟಾಕಿನ ಪಕ್ಕ ಜೋತಾಡುತ್ತಿದೆ, ಪೊದೆಗೆ ಸಿಕ್ಕಿಕೊಳ್ಳಬಹುದು. ವೆಲ್ಕ್ರೋ ಪಟ್ಟಿ ಸುತ್ತಿ ನೋಡುತ್ತೇನೆ. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿನಲ್ಲಿ ಬಿಟ್ಟು, ಗನ್ನಿನಿಂದ ತೆಗೆದು, ಸ್ಟೀಲಿನ ಡಬ್ಬಿಯಲ್ಲಿ ಬೇರೆ ಇಟ್ಟಿದ್ದೇನೆ.